ಮುದ್ದಯ್ಯ ಎಂಬ ವ್ಯಕ್ತಿಯಿಂದ

ಪಾಂಡವಪುರದ ಆ ಖಾಸಗಿ ಶಾಲೆಯ ಆಫೀಸಿಗೆ ಸೇರಿದ ಹೊಸತರಲ್ಲಿ ಪ್ರಿಯಾಂಕ ಪೋಷಕರ ವಾಟ್ಸಾಪ್ ಗುಂಪಿಗೆ ‘ಮಳೆ ಜಾಸ್ತಿ ಇರೋದ್ರಿಂದ ನಾಳೆ ಸ್ಕೂಲ್ ಇಲ್ಲ’ ಎಂದು ಬರೆದು ಹಾಕಿದ್ದಳು. ಮುಖ್ಯೋಪಾಧ್ಯಾಯ ಶಿವಶಂಕರ್ ಅವಳನ್ನು ಕರೆಸಿ, ಮೇಷ್ಟರುಗಳೆಲ್ಲ ಕೂತಿದ್ದ ಕೋಣೆಯಲ್ಲಿ ಅದನ್ನು ಗಟ್ಟಿಯಾಗಿ ಓದಿದರು.

“ಇದೇನಮ್ಮ ಇದು, ಜಗಲಿ ಮೇಲೆ ಕೂತು ಮಾತಾಡಿದ ಹಾಗಿದೆ. ಆಫೀಸಿನ ಭಾಷೆ ಬರೆಯೋಕೆ ಬರಲ್ವ?”

ಯಾರೋ ಕಿಸಕ್ಕೆಂದರು. ಪ್ರಿಯಾಂಕ ಕಿರಂಗೂರಿನವಳು. ಮನೆಯಲ್ಲಿ ಎಲ್ಲರೂ ‘ಹಾಗೆ’ಯನ್ನು ‘ಅಂಗೆ’ ಅನ್ನುವವರೇ. ಬರೆಯುವಾಗ ಎಲ್ಲಿ ಹಕಾರ ಬಿಟ್ಟುಹೋಗುತ್ತದೋ, ಎಲ್ಲಿ ಬೇಡದ ಕಡೆ ಸೇರಿಕೊಳ್ಳುತ್ತದೋ ಎಂಬ ಅಳುಕು ಅವಳಿಗೆ ಓದುವ ಕಾಲದಿಂದಲೂ ಇತ್ತು. ಅವತ್ತಿನಿಂದ ಅವಳು ಕಚೇರಿಗಳ ಗೋಡೆಗೆ ಅಂಟಿಸಿದ ನೋಟಿಸುಗಳನ್ನು ನೋಡಿ ನೋಡಿ ಕಲಿತಳು. ‘ಸದರಿ’ ಅನ್ನಬೇಕು. ‘ಎಂಬ ವ್ಯಕ್ತಿ’ ಅನ್ನಬೇಕು. ಯಾರು ಏನು ಮಾಡಿದರು ಎಂದು ನೆಟ್ಟಗೆ ಹೇಳಬಾರದು. ಮಾಡಿದವರ ಹೆಸರಿಗೊಂದು ‘ಇಂದ’ ಹಚ್ಚಿ, ಕ್ರಿಯಾಪದದ ಬಾಲಕ್ಕೆ ‘ಲಾಗಿದೆ’ ಕಟ್ಟಬೇಕು. ‘ಅಧ್ಯಕ್ಷರಿಂದ ಬಹುಮಾನ ವಿತರಿಸಲಾಗಿದೆ.’ ಹೀಗೆ ಬರೆಯತೊಡಗಿದ ಮೇಲೆ ಶಿವಶಂಕರ್ ಮತ್ತೆ ಬೈಯಲಿಲ್ಲ. ಒಂದೆರಡು ಸಲ ಮೆಚ್ಚಿಕೊಂಡದ್ದೂ ಉಂಟು.

ಆ ಬುಧವಾರ ಶಾಲೆಯ ನಲ್ಲಿಯಲ್ಲಿ ನೀರು ಬರಲಿಲ್ಲ. ಊಟದ ಬಿಡುವಿನಲ್ಲಿ ಎರಡನೇ ತರಗತಿಯ ಸಿಂಚನ ಎಂಬ ಹುಡುಗಿ ಡಬ್ಬಿ ತೊಳೆಯಲೆಂದು ಹಿಂದಿನ ಗೇಟಿನಿಂದ ಆಚೆ ಹೋಗಿದ್ದಳು. ಗೇಟಿನಾಚೆ ಏರಿ, ಏರಿಯಾಚೆ ನಾಲೆ. ನಾಲೆ ತುಂಬ ಹರಿಯುತ್ತಿತ್ತು. ಪಾಚಿ ಕಟ್ಟಿದ ಮೆಟ್ಟಿಲಲ್ಲಿ ಕಾಲು ಜಾರಿ ಅವಳು ನೀರಿಗೆ ಬಿದ್ದಳು. ಅದೇ ಹೊತ್ತಿಗೆ ಏರಿಯ ಮೇಲೆ ಟಿವಿಎಸ್‌ ಗಾಡಿಯಲ್ಲಿ ಬರುತ್ತಿದ್ದ ಒಬ್ಬ ಗಾಡಿಯನ್ನು ಅಲ್ಲೇ ಕೆಡವಿ, ಉಟ್ಟ ಬಟ್ಟೆಯಲ್ಲೇ ಹಾರಿ, ಕತ್ತುಪಟ್ಟಿ ಹಿಡಿದು ಅವಳನ್ನು ಎಳೆದುಕೊಂಡ. ಆಮೇಲೆ ಹೆಗಲ ಮೇಲೆ ಹಾಕಿಕೊಂಡು ಶಾಲೆಗೆ ತಂದ.

ಅವನ ಹೆಸರು ಮುದ್ದಯ್ಯ. ನಾಗಮಂಗಲದ ಕಡೆಯವನು. ಐವತ್ತು ದಾಟಿದ ಬಡಕಲು ಆಳು. ಕುಕ್ಕರು, ಗ್ಯಾಸಿನ ಒಲೆ, ಮಿಕ್ಸಿ ರಿಪೇರಿ ಮಾಡಿಕೊಂಡು ಊರೂರು ತಿರುಗುವುದು ಅವನ ಕಸುಬು. ಸಿಂಚನ ನೀರು ಕಕ್ಕಿ, ಜೋರಾಗಿ ಅತ್ತು, ಉಸಿರಾಡುತ್ತಾಳೆ ಎಂದು ಖಾತರಿಯಾದ ಮೇಲೆ ಅವನು ತನ್ನ ಜೇಬಿನಿಂದ ಫೋನು ತೆಗೆದು ಕೊಡವಿದ. ಅದರ ಸಂದಿನಿಂದ ನೀರು ಸುರಿಯಿತು.

“ಓಯ್ತು ಬುಡಿ. ಮಗ ಉಳೀತಲ್ಲ” ಎಂದ.

ಶಿವಶಂಕರ್ ಅವನನ್ನು ಮಗುವಿನ ಜೊತೆ ನಿಲ್ಲಿಸಿ ಒಂದು ಫೋಟೊ ತೆಗೆಸಿದರು. ಅಪರಿಚಿತನ ಸೊಂಟದ ಮೇಲೆ ಕೂತ ಸಿಂಚನ ಬಾಯಿ ತೆರೆದು ಅಳುತ್ತಿದ್ದಳು. ಅವನು ಒದ್ದೆ ಕೂದಲಿನ, ಕೆಂಪು ಕಣ್ಣಿನ ಮುಖದಲ್ಲಿ ಕ್ಯಾಮೆರಾ ನೋಡುತ್ತಿದ್ದ. ಟೀ ಕುಡಿದು, ಚಿನಕುರಳಿ ಮೇಲೆ ಹಾಯ್ದು ಅಕ್ಕಿಹೆಬ್ಬಾಳಿನಲ್ಲಿ ನೆಂಟರ ಮನೆಯಲ್ಲಿ ಉಳಿಯುತ್ತೇನೆ ಎಂದು ಹೇಳಿ ಹೊರಟುಹೋದ.

“ಪೋಷಕರು ಗಾಬರಿಯಾಗೋದರ ಒಳಗೆ ಗುಂಪಿಗೆ ಒಂದು ಮೆಸೇಜು ಹಾಕಿಬಿಡಿ. ಗೇಟಿನ ವಿಷಯ, ನಲ್ಲಿಯ ವಿಷಯ ಬೇಡ” ಎಂದರು ಶಿವಶಂಕರ್. ಪ್ರಿಯಾಂಕ ಎರಡು ಸಲ ತಿದ್ದಿ, ಫೋಟೊದ ಕೆಳಗೆ ಹೀಗೆ ಬರೆದಳು:

‘ಈ ದಿನ ನಮ್ಮ ಶಾಲೆಯ ಎರಡನೇ ತರಗತಿ ವಿದ್ಯಾರ್ಥಿನಿಯನ್ನು ನಾಲೆಯ ಬಳಿ ಮುದ್ದಯ್ಯ ಎಂಬ ವ್ಯಕ್ತಿಯಿಂದ ರಕ್ಷಿಸಲಾಗಿರುತ್ತದೆ. ಮಗು ಕ್ಷೇಮವಾಗಿರುತ್ತದೆ. ಸದರಿ ವ್ಯಕ್ತಿಯ ಭಾವಚಿತ್ರವನ್ನು ಪೋಷಕರ ಗಮನಕ್ಕೆ ತರಲಾಗಿದೆ.’

ಶಿವಶಂಕರ್ ಓದಿ ತಲೆಯಾಡಿಸಿದರು. ಅವಳು ಕಳಿಸಿದಳು.

ಆಮೇಲೆ ಫೀಸಿನ ರಸೀತಿ ಕೆಲಸದಲ್ಲಿ ಮುಳುಗಿದ ಅವಳು ಫೋನನ್ನು ಸರಿಯಾಗಿ ನೋಡಲಿಲ್ಲ. ಗುಂಪಿನಲ್ಲಿ ಯಾರೋ ಕೇಳಿದ್ದರು: ‘ಯಾವೂರೋನು ಇವನು?’ ಅವಳು ‘ನಾಗಮಂಗಲ ಕಡೆಯವರು’ ಎಂದು ಉತ್ತರಿಸಿದಳು. ಇನ್ನೊಬ್ಬರು, ‘ಈಗ ಎಲ್ಲವ್ನೆ?’ ಸನ್ಮಾನಕ್ಕೋ ಏನೋ ಕೇಳುತ್ತಿದ್ದಾರೆ ಅಂದುಕೊಂಡಳು. ‘ಟಿವಿಎಸ್‌ನಲ್ಲಿ ಅಕ್ಕಿಹೆಬ್ಬಾಳು ಕಡೆ ಹೋದರು’ ಎಂದು ಒತ್ತಿದಳು.

ಸ್ವಲ್ಪ ಹೊತ್ತಿಗೆ ಸಿಂಚನಳ ತಾಯಿ ಸುನಿತಾ ಸ್ಕೂಟಿಯಲ್ಲಿ ಬಂದಳು. ಮನೆಯಲ್ಲೇ ಬಟ್ಟೆ ಹೊಲಿಯುವ ಹೆಂಗಸು. ಸೆರಗಿಗೆ ದಾರದ ತುಂಡುಗಳು ಹಾಗೇ ಅಂಟಿಕೊಂಡಿದ್ದವು. ಮಗಳನ್ನು ಎಳೆದು ಮಡಿಲಿಗೆ ಹಾಕಿಕೊಂಡು ಕತ್ತಿನ ಸುತ್ತ ಇದ್ದ ಕೆಂಪು ಬರೆ ನೋಡಿದಳು.

“ಏನ್ ಮಾಡ್ದ ಅವ್ನು ನನ್ ಮಗೀಗೆ? ಬಾಯ್ಬುಟ್ಟು ಯೋಳಿ ಮಿಸ್.”

ಪ್ರಿಯಾಂಕಳಿಗೆ ಅರ್ಥವಾಗಲಿಲ್ಲ. “ಯಾರಕ್ಕ? ಮುದ್ದಯ್ಯನವರಾ? ನೀರಿಂದ ಎತ್ತಿದ್ರು.”

“ಎತ್ತಿದ್ನಾ?” ಸುನಿತಾ ಫೋನು ಹಿಡಿದು ಓದಿದಳು. “ನಾಲೆಯ ಬಳಿ ಮುದ್ದಯ್ಯ ಎಂಬ ವ್ಯಕ್ತಿಯಿಂದ ರಕ್ಷಿಸಲಾಗಿರುತ್ತದೆ. ನೀವೇ ಬರ್ದಿದ್ದೀರಲ್ಲ, ಅವನ ಕೈಯಿಂದ ಮಗೀನ ಬುಡಿಸ್ಕೊಂಡ್ರಿ ಅಂತ.”

ಪ್ರಿಯಾಂಕ ತನ್ನದೇ ಸಾಲನ್ನು ಮತ್ತೆ ಓದಿದಳು. ಹುಲಿಯಿಂದ ರಕ್ಷಿಸಲಾಯಿತು. ಬೆಂಕಿಯಿಂದ ರಕ್ಷಿಸಲಾಯಿತು. ಮುದ್ದಯ್ಯ ಎಂಬ ವ್ಯಕ್ತಿಯಿಂದ ರಕ್ಷಿಸಲಾಯಿತು. ಗುಂಪು ತೆರೆದು ನೋಡಿದಳು. ಅವಳ ಉತ್ತರಗಳ ಕೆಳಗೆ ಸಾಲುಸಾಲಾಗಿ ಮಾತುಗಳು ಬಿದ್ದಿದ್ದವು. ‘ಮಕ್ಕಳ ಕಳ್ಳ.’ ‘ಪೊಲೀಸ್ರಿಗೆ ಕೊಡ್ಬೇಡಿ, ಬುಟ್ಬುಡ್ತಾರೆ.’ ‘ಅಕ್ಕಿಹೆಬ್ಬಾಳು ರೋಡಲ್ಲಿ ಯಾರಾದ್ರೂ ಇದ್ರೆ ನೋಡ್ಕೊಳಿ.’ ಅಷ್ಟರಲ್ಲಿ ಶ್ರೀರಂಗಪಟ್ಟಣದಲ್ಲಿ ಅಂಗಡಿ ಇಟ್ಟಿದ್ದ ಅವಳ ಅಣ್ಣ ದಿಲೀಪನಿಂದಲೇ ಅದೇ ಫೋಟೊ ಬಂತು. ಮೇಲೆ ಕೆಂಪಕ್ಷರದಲ್ಲಿ ಯಾರೋ ‘ಎಚ್ಚರ’ ಎಂದು ಸೇರಿಸಿದ್ದರು. ಕೆಳಗೆ ದಿಲೀಪ ಬರೆದಿದ್ದ: ‘ಬಸ್ಸಲ್ಲಿ ಬರೋವಾಗ ಉಷಾರು ಕಣವ್ವ.’

ಅವಳು ಗಡಿಬಿಡಿಯಲ್ಲಿ ತನ್ನ ಮೆಸೇಜನ್ನು ಅಳಿಸಿಹಾಕಿದಳು. ‘ಮುದ್ದಯ್ಯ ಮಗುವನ್ನು ಕಾಪಾಡಿದರು’ ಎಂದು ಹೊಸದಾಗಿ ಬರೆದಳು. ಕ್ಷಣದಲ್ಲಿ ಉತ್ತರ ಬಂತು: ‘ಮೊದಲ ಮೆಸೇಜ್ ಯಾಕೆ ಡಿಲೀಟ್ ಮಾಡಿದ್ರಿ? ಸ್ಕೂಲಿನ ಮಾನ ಮುಚ್ಕೊಳ್ಳೋಕಾ?’

“ಇನ್ನೇನೂ ಬರೀಬೇಡಿ” ಎಂದರು ಶಿವಶಂಕರ್. “ಬರೆದಷ್ಟೂ ಕೆಡುತ್ತೆ. ಆ ಮನುಷ್ಯನಿಗೆ ಫೋನ್ ಮಾಡಿ ಮನೆಗೆ ಹೋಗೋಕೆ ಹೇಳಿ.”

“ಅವರ ಫೋನು ನೀರಿಗೆ ಬಿದ್ದು ಕೆಟ್ಟೋಗಿದೆ ಸರ್.”

ಪ್ರಿಯಾಂಕ ಪೊಲೀಸ್ ಸಹಾಯವಾಣಿಗೆ ಫೋನು ಮಾಡಿದಳು. ಅತ್ತ ಕಡೆಯವರು ಊರು, ಗಾಡಿ ನಂಬರು ಕೇಳಿದರು. ಅಕ್ಕಿಹೆಬ್ಬಾಳಿನ ದಾರಿ ಎನ್ನುವುದು ಬಿಟ್ಟು ಅವಳಿಗೆ ಏನೂ ಗೊತ್ತಿರಲಿಲ್ಲ. ಆ ಕಡೆಯ ಗಸ್ತಿನವರಿಗೆ ತಿಳಿಸುತ್ತೇವೆ ಎಂದರು. ಅವಳು ತಿರುಗಿ ನೋಡಿದಾಗ ಸುನಿತಾ ಗೋಡೆಗೆ ಒರಗಿ ನಿಂತು ಒಂದೇ ನಂಬರಿಗೆ ಮೇಲಿಂದ ಮೇಲೆ ಒತ್ತುತ್ತಿದ್ದಳು.

“ನಮ್ಮನೆಯೋರು ಎತ್ತಾ ಇಲ್ಲ ಮಿಸ್. ಮಾಕವಳ್ಳಿ ಪ್ಯಾಕ್ಟ್ರಿಗೆ ಕಬ್ಬು ಒಡೀತಾರೆ. ಟ್ರಾಕ್ಟ್ರು ಆ ದಾರೀಲೇ ಇರ್ತದೆ. ನಾನೇ ಅವರ್ಗೆ ಪೋಟ ಕಳಿಸ್ದೆ. ಬತ್ತಾ ಅವ್ನ ಕೈ ಮುರೀತೀನಿ ಅಂದ್ರು. ಆಮೇಲೆ ಎತ್ತಾನೇ ಇಲ್ಲ.”

ಇಬ್ಬರೂ ಒಬ್ಬರನ್ನೊಬ್ಬರು ನೋಡಿಕೊಂಡರು. ಸಿಂಚನಳನ್ನು ನಡುವೆ ಕೂರಿಸಿಕೊಂಡು ಸ್ಕೂಟಿಯಲ್ಲಿ ಹೊರಟರು.

ಚಿನಕುರಳಿ ದಾಟುವವರೆಗೂ ಪ್ರಿಯಾಂಕ ದಾರಿಯಲ್ಲಿ ಕಂಡ ಪ್ರತಿ ಟಿವಿಎಸ್‌ ಗಾಡಿಯನ್ನೂ ನೋಡಿದಳು. ಒಂದು ಕಡೆ ಟೀ ಅಂಗಡಿಯ ಮುಂದೆ ಸ್ಕೂಟಿ ನಿಲ್ಲಿಸಲು ಹೇಳಿ, ಕುಕ್ಕರ್ ರಿಪೇರಿಯವನು ಹೋದನೇ ಎಂದು ಕೇಳಿದಳು. ಅಂಗಡಿಯವನು ಅವಳನ್ನು ಮೇಲಿಂದ ಕೆಳಗೆ ನೋಡಿದ.

“ನಿಮಗೂ ಬಂತಾ ಪೋಟ? ಓದ ಓದ, ಇದೇ ದಾರೀಲಿ. ಇಲ್ಲೇ ಸಿಕ್ಕಿದ್ರೆ ನಾವೇ ಇಡೀತಿದ್ವಿ. ಮುಂದ್ಕೆ ಪೋನ್ ಓಗದೆ, ತಪ್ಪಿಸ್ಕಳಾಕಿಲ್ಲ.”

“ಅವ್ರು ಕಳ್ಳ ಅಲ್ಲ ಅಣ್ಣ. ಈ ಮಗೀನ ಕಾಪಾಡ್ದೋರು” ಎಂದಳು ಪ್ರಿಯಾಂಕ.

ಅವನು ನಕ್ಕ. “ಓದ್ದೋರು ಬರ್ದಿರೋದು ಕಣಮ್ಮ. ಸ್ಕೂಲಿಂದ ಬಂದಿರೋದು.”

ಅಲ್ಲಿಂದ ಮುಂದೆ ಸುನಿತಾ ಗಾಡಿಯನ್ನು ಎಷ್ಟು ಜೋರಾಗಿ ಓಡಿಸಿದಳೆಂದರೆ ಗುಂಡಿಗಳಲ್ಲಿ ಮೂವರೂ ಎಗರಿ ಬೀಳುತ್ತಿದ್ದರು. ಎರಡೂ ಕಡೆ ಕಬ್ಬಿನ ಗದ್ದೆಗಳು ಎತ್ತರಕ್ಕೆ ನಿಂತಿದ್ದವು. ಅದರೊಳಗೆ ಯಾರನ್ನಾದರೂ ಎಳೆದುಕೊಂಡು ಹೋದರೆ ಹೊರಗಿನಿಂದ ಕಾಣಿಸುವುದೂ ಇಲ್ಲ ಎಂಬುದು ಪ್ರಿಯಾಂಕಳ ತಲೆಗೆ ಬಂತು. ಬಂದದ್ದು ಹೋಗಲೇ ಇಲ್ಲ. ಅವಳು ಮನಸ್ಸಿನಲ್ಲೇ ಆ ಸಾಲನ್ನು ಬೇರೆ ಬೇರೆ ಥರ ಬರೆಯುತ್ತಿದ್ದಳು. ಯಾವ ಥರ ಬರೆದರೂ ಅದು ಸುಲಭವಾಗಿತ್ತು. ಮುದ್ದಯ್ಯ ಮಗುವನ್ನು ಕಾಪಾಡಿದ. ಒಂದನೇ ಕ್ಲಾಸಿನ ಮಗುವೂ ಬರೆಯುತ್ತದೆ.

ಅಕ್ಕಿಹೆಬ್ಬಾಳಿಗೆ ಇನ್ನೂ ಸ್ವಲ್ಪ ದೂರವಿರುವಾಗ, ದಾರಿಯ ಮೇಲಿನ ಒಂದು ಸಣ್ಣ ಊರಿನಲ್ಲಿ, ಹಾಲಿನ ಡೈರಿಯ ಮುಂದೆ ಜನ ಸೇರಿದ್ದರು. ರಸ್ತೆ ಬದಿಗೆ ಕಬ್ಬು ತುಂಬಿದ ಟ್ರಾಕ್ಟರು ಅಡ್ಡಾದಿಡ್ಡಿ ನಿಂತಿತ್ತು. “ನಮ್ದೇ” ಎಂದಳು ಸುನಿತಾ. ಜನರ ಗಲಾಟೆಯ ಮೇಲೆ ಒಂದು ದನಿ ಒಂದೇ ಸಮನೆ ಕೇಳುತ್ತಿತ್ತು: ಕುಕ್ಕರ್ ರಿಪೇರಿ, ಗ್ಯಾಸ್ ಒಲೆ ರಿಪೇರಿ, ಮಿಕ್ಸಿ ಜಾರು ರಿಪೇರಿ, ಬನ್ನಿ ಅಕ್ಕ ಬನ್ನಿ ಅಮ್ಮ. ನೆಲಕ್ಕೆ ಬಿದ್ದ ಗಾಡಿಯ ಹ್ಯಾಂಡಲ್ಲಿಗೆ ಕಟ್ಟಿದ್ದ ಸ್ಪೀಕರು ಕೂಗುತ್ತಲೇ ಇತ್ತು. ಯಾರೂ ಅದನ್ನು ಆರಿಸಿರಲಿಲ್ಲ.

ಪ್ರಿಯಾಂಕ ಜನರ ನಡುವೆ ತೂರಿದಳು. ಮುದ್ದಯ್ಯನನ್ನು ವಿದ್ಯುತ್ ಕಂಬಕ್ಕೆ ಹಗ್ಗದಲ್ಲಿ ಬಿಗಿದಿದ್ದರು. ತುಟಿ ಹರಿದಿತ್ತು. ಒಂದು ಕಣ್ಣು ಊದಿ ಮುಚ್ಚಿತ್ತು. ಬಲಗೈ ಮೊಣಕೈಯ ಕೆಳಗೆ ಬಾಗಬಾರದ ಕಡೆ ಬಾಗಿತ್ತು. ಅವನು ಯಾರನ್ನೂ ನೋಡುತ್ತಿರಲಿಲ್ಲ. “ನಾ ಏನ್ ಮಾಡ್ದೆ ಅಂತ ಯೋಳ್ರಪ್ಪ” ಎಂದು ನೆಲಕ್ಕೆ ಹೇಳುತ್ತಿದ್ದ. ಅವನ ಎದುರಿಗೆ ಕೈಯಲ್ಲೊಂದು ಕಬ್ಬಿನ ಜಲ್ಲೆ ಹಿಡಿದು ನಿಂತಿದ್ದವನು ಲೋಕೇಶ್, ಸುನಿತಾಳ ಗಂಡ.

“ಬುಡ್ರಿ ಅವರ್ನ” ಎಂದಳು ಪ್ರಿಯಾಂಕ. ಯಾರಿಗೂ ಕೇಳಿಸಲಿಲ್ಲ. ಮತ್ತೆ ಹೇಳಿದಳು. “ಬುಡ್ರಿ. ಇವ್ರು ಮಗೀನ ಕದ್ದಿಲ್ಲ. ನಾಲೆಯಿಂದ ಎತ್ತಿದ್ದು. ಆ ಮೆಸೇಜು ಬರ್ದಿದ್ದು ನಾನು.”

ಹಾಲಿನ ಕ್ಯಾನು ಹಿಡಿದಿದ್ದ ಒಬ್ಬ ತನ್ನ ಫೋನನ್ನು ಅವಳ ಮುಖದ ಹತ್ತಿರ ತಂದ. “ಅಂಗಾರೆ ಇದೇನು? ನೀನೇ ಓದು.”

“ತಪ್ಪು ಬರ್ದೆ. ಇವರಿಂದ ಅಂದ್ರೆ, ಇವರೇ ಕಾಪಾಡಿದ್ರು ಅಂತ.”

“ಇವನಿಂದ ಅಂದ್ರೆ ಇವನಿಂದ. ನಮಗೇನ್ ಕನ್ನಡ ಬರಾಕಿಲ್ವಾ?” ಅವನು ಗುಂಪಿನ ಕಡೆ ತಿರುಗಿದ. “ಮೆಸೇಜು ಡಿಲೀಟ್ ಮಾಡವ್ರೆ ಕಣ್ಲಾ. ಈಗ ಮಾತಾಡಾಕೆ ಉಡುಗೀನ ಕಳಿಸವ್ರೆ. ಇವರದ್ದೂ ಏನೋ ಅದೆ ಇದ್ರಲ್ಲಿ.”

ಯಾರೋ ಹಿಂದಿನಿಂದ ಅವಳ ತೋಳು ಹಿಡಿದರು. ಆ ಹಿಡಿತದಲ್ಲಿ ಅವಳಿಗೆ ತಿಳಿಯಿತು, ಈ ಜನ ತನ್ನನ್ನೂ ಕಟ್ಟಬಲ್ಲರು, ಇಲ್ಲಿ ಯಾರು ಏನು ಮಾಡಿದರು ಎಂದು ನಾಳೆ ಕೇಳಿದರೆ ಒಬ್ಬರ ಹೆಸರೂ ಹೊರಗೆ ಬರುವುದಿಲ್ಲ ಎಂದು.

ಅಷ್ಟು ಹೊತ್ತಿಗೆ ಸುನಿತಾ ಮಗಳನ್ನು ಎತ್ತಿಕೊಂಡು ಒಳಗೆ ಬಂದಳು. ಸಿಂಚನ ಕಂಬದ ಕಡೆ ನೋಡಿದ್ದೇ ಚಿಟ್ಟನೆ ಚೀರಿ ತಾಯಿಯ ಕತ್ತಿನಲ್ಲಿ ಮುಖ ಹುದುಗಿಸಿದಳು.

“ನೋಡ್ರಲಾ” ಎಂದ ಒಬ್ಬ. “ಮಗ ಅವನ್ನ ಕಂಡ್ರೇ ಎಂಗ್ ಎದರ್ತದೆ.”

ಗುಂಪು ಒಂದು ಹೆಜ್ಜೆ ಮುಂದೆ ಬಂತು. ಲೋಕೇಶನ ಕೈಯ ಜಲ್ಲೆ ಮೇಲೆ ಎದ್ದಿತು. ಮುದ್ದಯ್ಯ ಊದದ ಇನ್ನೊಂದು ಕಣ್ಣನ್ನೂ ಮುಚ್ಚಿಕೊಂಡ.

ಸುನಿತಾ ಗಂಡನಿಗೂ ಕಂಬಕ್ಕೂ ನಡುವೆ ಹೋಗಿ ನಿಂತಳು. “ಒಡೆಯೋದಾದ್ರೆ ಮಗೀನ್ ಮೇಲೇ ಬೀಳ್ಲಿ” ಎಂದಳು. “ಮದ್ಲು ನಿನ್ ಮಗಳ ಕೇಳು. ನನ್ ಮಾತು ಬ್ಯಾಡ, ಆ ಮಿಸ್ ಮಾತೂ ಬ್ಯಾಡ. ಇವಳ ಲಂಗ ಮೂಸ್ ನೋಡು, ನಾಲೆ ನೀರು ನಾರ್ತದೆ.”

ಲೋಕೇಶ್ ಉಬ್ಬಸ ಬಂದವನ ಹಾಗೆ ಉಸಿರಾಡುತ್ತಿದ್ದ. ಆಮೇಲೆ ಮಗಳ ಬೆನ್ನ ಮೇಲೆ ಕೈ ಇಟ್ಟ. ಬಟ್ಟೆ ಇನ್ನೂ ತೇವವಾಗಿತ್ತು.

“ಪಾಪು. ಈ ಮನ್ಸ ಏನ್ ಮಾಡ್ತು ನಿಂಗೆ?”

ಸಿಂಚನ ಮುಖ ಎತ್ತಲಿಲ್ಲ. ಬಿಕ್ಕುತ್ತ ಏನೋ ಅಂದಳು. ಕೇಳಲಿಲ್ಲ. ಸ್ಪೀಕರು ಕೂಗುತ್ತಿತ್ತು. ಯಾರೋ ಬಗ್ಗಿ ಅದರ ವೈರು ಕಿತ್ತರು.

“ಬೈಬ್ಯಾಡಪ್ಪ” ಎಂದಳು ಹುಡುಗಿ. “ಡಬ್ಬಿ ನೀರಲ್ ಓಯ್ತು. ನಾ ಬೇಕಂತ ಕಳೀಲಿಲ್ಲ. ಇಡ್ಕಳಾಕ್ ಓಗಿ ನಾನೂ ಬಿದ್ದೆ. ಈ ತಾತ ಎಳ್ಕೊಂತು. ತಾತುಂಗೆ ಯಾಕ್ ಒಡ್ದಿದ್ದೀರಾ?”

ಲೋಕೇಶನ ಕೈಯಿಂದ ಜಲ್ಲೆ ಬಿತ್ತು. ಅವನು ಅಲ್ಲೇ, ರಸ್ತೆಯ ಮಣ್ಣಿನಲ್ಲಿ, ಕುಕ್ಕರಗಾಲಿನಲ್ಲಿ ಕೂತುಬಿಟ್ಟ. ಪ್ರಿಯಾಂಕಳ ತೋಳು ಹಿಡಿದಿದ್ದ ಕೈ ಯಾವಾಗ ಬಿಟ್ಟಿತೋ, ಯಾರದ್ದೋ, ಅವಳಿಗೆ ತಿಳಿಯಲಿಲ್ಲ. ತಿರುಗಿ ನೋಡಿದರೆ ಹಿಂದೆ ನಿಂತಿದ್ದವರು ಆಗಲೇ ಡೈರಿಯ ಸಾಲಿನಲ್ಲಿದ್ದರು. ಹಗ್ಗದ ಗಂಟು ಬಿಗಿಯಾಗಿತ್ತು. ಹಾಲಿನ ಕ್ಯಾನಿನವನೇ ಕುಡುಗೋಲು ತಂದು ಅದನ್ನು ಕುಯ್ದ. ಹಗ್ಗ ಬಿಚ್ಚಿದ ಮೇಲೂ ಮುದ್ದಯ್ಯ ಕಂಬಕ್ಕೆ ಒರಗಿಯೇ ನಿಂತಿದ್ದ, ಸರಿದರೆ ಏನಾಗುತ್ತದೋ ಎನ್ನುವ ಹಾಗೆ.

ಪೊಲೀಸ್ ಜೀಪು ಬಂದಾಗ ಅಲ್ಲಿ ಹೆಚ್ಚು ಜನ ಇರಲಿಲ್ಲ.

ಕೆ.ಆರ್.ಪೇಟೆಯ ಆಸ್ಪತ್ರೆಯಲ್ಲಿ ಅವನ ಕೈಗೆ ಕಟ್ಟು ಹಾಕಿದರು. ಎರಡು ಕಡೆ ಮೂಳೆ ಮುರಿದಿದೆ, ಬೆರಳುಗಳ ಹಿಡಿತ ಮೊದಲಿನಂತೆ ಬರುವುದು ಅನುಮಾನ ಎಂದರು. ರವೀಂದ್ರ ಎಂಬ ಪೊಲೀಸಿನವರು ಮಂಚದ ಪಕ್ಕ ಕೂತು ಹೇಳಿಕೆ ಬರೆದುಕೊಂಡರು. ಲೋಕೇಶ್ ಆಗಲೇ ಠಾಣೆಯಲ್ಲಿದ್ದ. ತಾನೇ ಹೊಡೆದದ್ದು ಎಂದು ಒಪ್ಪಿಕೊಂಡಿದ್ದ. ಉಳಿದವರ ಹೆಸರು ಅವನಿಗೂ ಗೊತ್ತಿರಲಿಲ್ಲ, ಅಥವಾ ಹೇಳಲಿಲ್ಲ. ರವೀಂದ್ರ ಬರೆದದ್ದನ್ನು ಓದಿ ಹೇಳಿದರು: “ಸದರಿ ಮುದ್ದಯ್ಯನ ಮೇಲೆ ಸಾರ್ವಜನಿಕರಿಂದ ಹಲ್ಲೆ ನಡೆಸಲಾಗಿರುತ್ತದೆ.”

“ಸರ್” ಎಂದಳು ಪ್ರಿಯಾಂಕ. ಹೆದರಿಕೆಯಲ್ಲೇ ಎಂದಳು. “ಹೊಡೆದರು ಅಂತ ಬರೀರಿ. ಇವರು ಮಗೂನ ಎತ್ತಿದರು, ಅವರು ಇವರನ್ನ ಹೊಡೆದರು. ಅಷ್ಟೇ ಬರೀರಿ ಸರ್.”

“ನಮ್ಮಲ್ಲಿ ಹೀಗೇ ಬರೆಯೋದಮ್ಮ.”

“ನಾನೂ ಹೀಗೇ ಬರೀತಿದ್ದೆ ಸರ್.”

ಅವರು ಅವಳನ್ನೂ ಮುದ್ದಯ್ಯನ ಊದಿದ ಮುಖವನ್ನೂ ನೋಡಿ, ಬೇಸರದಿಂದಲೇ ಆ ಸಾಲು ಹೊಡೆದುಹಾಕಿದರು.

ಮುದ್ದಯ್ಯನ ಹೆಂಡತಿ ಸಿದ್ದಲಿಂಗಮ್ಮ ಮಾರನೆ ಬೆಳಿಗ್ಗೆ ನಾಗಮಂಗಲದಿಂದ ಬಂದಳು. ಬಂದವಳು ಪ್ರಿಯಾಂಕಳನ್ನು ಬೈಯಲಿಲ್ಲ. ಬೈದಿದ್ದರೆ ವಾಸಿ ಅನ್ನಿಸುತ್ತಿತ್ತು. ತಾನು ಬರೆದದ್ದೇನು, ಜನ ಓದಿಕೊಂಡದ್ದೇನು ಎಂದು ಪ್ರಿಯಾಂಕ ಹೇಳುತ್ತಿದ್ದರೆ ಮುದ್ದಯ್ಯ ಸೂರು ನೋಡುತ್ತ ಕೇಳಿಸಿಕೊಂಡ.

“ನಂಗ್ ಓದಾಕ್ ಬತ್ತದೆ ಕಣವ್ವ” ಎಂದ ಕೊನೆಗೆ. “ಅವ್ರು ಪೋಟ ತೋರ್ಸುದ್ರು. ನಾನೂ ಓದ್ದೆ. ನಾನೇ ಏನೋ ಮಾಡ್ಬುಟ್ನೇನೋ ಅನ್ನುಸ್ಬುಡ್ತು ಒಂದ್ ಗಳಿಗೆ.”

ಪ್ರಿಯಾಂಕ ಅವನ ಕಾಲು ಮುಟ್ಟಿದಳು. ಅವನು ಥಟ್ಟನೆ ಕಾಲು ಎಳೆದುಕೊಂಡ. ಯಾರು ಮುಟ್ಟಿದರೂ ಹಾಗೇ ಮಾಡುತ್ತಿದ್ದಾನೆ ಎಂದಳು ಸಿದ್ದಲಿಂಗಮ್ಮ.

ಆಸ್ಪತ್ರೆಯಿಂದ ಬಿಟ್ಟ ದಿನ ಅವನು ಬಸ್ಸಿಗೆ ಬರಲು ಒಪ್ಪಲಿಲ್ಲ. ಬಸ್ಸಿನಲ್ಲಿ ಜನ ಇರುತ್ತಾರೆ ಎಂದ. ಸುನಿತಾ ಒಂದು ಆಟೊ ಗೊತ್ತುಮಾಡಿ, ಅದರಲ್ಲಿ ಕೂರಿಸಿ, ಪಕ್ಕಕ್ಕೆ ಸರಿದು ನಿಂತಳು. ಪ್ರಿಯಾಂಕ ಮುದ್ದಯ್ಯನ ಜೊತೆಗೆ ನಾಗಮಂಗಲದವರೆಗೂ ಹೋದಳು. ಅವನು ತಲೆಯ ಮೇಲೆ ಟವೆಲ್ಲು ಹೊದ್ದು, ಮುಖ ಅರ್ಧ ಮುಚ್ಚಿಕೊಂಡು, ಹೆಂಡತಿಗೂ ಅವಳಿಗೂ ನಡುವೆ ಮುದುಡಿ ಕೂತಿದ್ದ. ಯಾವುದೋ ಊರಿನ ಮುಂದೆ ಶಾಲೆ ಬಿಟ್ಟಿತ್ತು. ಆಟೊ ನಿಧಾನವಾಯಿತು. ಬ್ಯಾಗು ನೇತುಹಾಕಿಕೊಂಡ ಚಿಕ್ಕ ಮಗುವೊಂದು ರಸ್ತೆ ದಾಟಲು ಹೋಗಿ ಎಡವಿ ಆಟೊದ ಪಕ್ಕದಲ್ಲೇ ಬಿದ್ದು ಅಳತೊಡಗಿತು. ಮಗುವನ್ನು ಎತ್ತಲು ಮುದ್ದಯ್ಯನ ಎಡಗೈ ಹೆಂಡತಿಯನ್ನು ದಾಟಿ ತಾನಾಗಿಯೇ ಹೊರಗೆ ಚಾಚಿಕೊಂಡಿತು.

ಆಮೇಲೆ ಅವನು ಅದನ್ನು ಒಳಗೆ ಎಳೆದುಕೊಂಡು, ಟವೆಲ್ಲಿನೊಳಗೆ ಮುಚ್ಚಿಟ್ಟುಕೊಂಡ.

“ಓಡ್ಸಪ್ಪ” ಎಂದ ಡ್ರೈವರಿಗೆ. “ನಿಲ್ಲುಸ್ಬ್ಯಾಡ. ಓಡ್ಸು.”